ಅಂಗಳಕ್ಕೆ ಬಂದ ಕಟ್ಟಿಗೆ

ಮತ್ತಿಕೊಪ್ಪ, ಹಳಿಯಾಳ ತಾಲೂಕು
12 ಜನವರಿ 1986

ಚಿರಂಜೀವಿ ಮಿಂಗೇಲನಿಗೆ ನಿನ್ನ ಕಾಕಾ ಕಾಯತಾನ ಮಾಡುವ ಆಶೀರ್ವಾದ.

ನಿನ್ನ ಮೈ ಹೇಗಿದೆ? ಖೋಲಿಯಲ್ಲಿ ಜೊತೆಗಿರುವ ಆಲ್ವಿನನ ಕೆಮ್ಮು ನಿಂತಿತೇ? ಇಲ್ಲಿ ನಿನ್ನ ಅವ್ವ ಕಾತರಿನಾಳ ಮೊಣಕಾಲು ಚಳಿಗೆ ಹಿಡಿದುಕೊಂಡಿದೆ. ಕೂತಲ್ಲಿಂದ ಏಳುವಾಗ ನನ್ನನ್ನೇ ಬೈಯುತ್ತಾಳೆ, ನಾನೇ ಹಿಡಿದು ಕೂರಿಸಿದವನ ಹಾಗೆ. ನಿನ್ನ ತಂಗಿ ಇಜಾಬೆಲ್ ಗಟ್ಟಿಮುಟ್ಟಾಗಿದ್ದಾಳೆ. ತುಳಸಾ ಆಯಿಗೆ ಒಂದು ಕಣ್ಣು ಪೂರ್ತಿ ಮಂಜಾಗಿದೆ, ಕಿವಿ ಮಾತ್ರ ಬೇಟೆ ನಾಯಿಯದು. ಈ ಕೇರಿಯಲ್ಲಿ ಎಲ್ಲರಿಗಿಂತ ಹಿರಿಯಳು ಈಗ ಅವಳೇ. ನನಗೇನೂ ಆಗಿಲ್ಲ.

ನಿನ್ನ ಕಾಗದ ಬಂತು. ನಿಮ್ಮ ಬ್ಯಾಂಡಿನ ಹೊಸ ಕ್ಯಾಸೆಟ್ಟಿನಲ್ಲಿ ನಮ್ಮ ದಮಾಮಿ ಬರುತ್ತದೆ, ಅದನ್ನು ನೀನೇ ಬಾರಿಸಿದ್ದೀ ಎಂದು ಓದಿದಾಗ ಎರಡು ಸಲ ಓದಿದೆ. ನಾನು ಅಕ್ಷರ ಕಲಿತದ್ದು ಕಟ್ಟಿಗೆ ಡಿಪೋದಲ್ಲಿ ದಿಮ್ಮಿಗಳ ಮೇಲಿನ ಬರಹ ನೋಡಿ. ಅದಕ್ಕೇ ನನ್ನ ಕಣ್ಣಿನ ಮೇಲೆ ನನಗೆ ಪೂರ್ತಿ ನಂಬಿಕೆಯಿಲ್ಲ. ಇಜಾಬೆಲ್ ಕೈಯಲ್ಲಿ ಮತ್ತೆ ಓದಿಸಿದೆ.

ಒಂದು ಮಾತು ತಿಳಿಯಲಿಲ್ಲ. ನಿಮ್ಮದು ಹಳೇ ಧಾಟಿಯ ಬ್ಯಾಂಡು, ಮೂವತ್ತು ವರ್ಷದ ಹಿಂದಿನವರ ಹಾಗೆ ಬಿಗಿ ಪ್ಯಾಂಟು ಹಾಕಿ, ತಲೆಗೆ ಎಣ್ಣೆ ಮೆತ್ತಿ, ಬೇರಿನ ಸಂಗೀತ, ಅಂದರೆ ಹಿಂದಿನವರದ್ದು, ಬಾರಿಸುತ್ತೀರಿ ಎಂದು ಬರೆದಿದ್ದೀ. ನಾನು ಮೂವತ್ತು ವರ್ಷದಿಂದ ಎಣ್ಣೆ ಮೆತ್ತುತ್ತಿದ್ದೇನೆ, ನನ್ನನ್ನು ಯಾರೂ ಕ್ಯಾಸೆಟ್ಟಿಗೆ ಕರೆಯಲಿಲ್ಲ.

ಪೇದ್ರು ಹೋದಾಗ ನೀನು ಆರು ವರ್ಷದವನು. ನಿನ್ನಪ್ಪನನ್ನು ಮಣ್ಣು ಮಾಡಿದ ಬೆನ್ನಿಗೇ ಫಾದರ್ ನಿನ್ನನ್ನು ಗೋವೆಯ ಬೋರ್ಡಿಂಗಿಗೆ ಕರೆದುಕೊಂಡು ಹೋದರು. ಆಮೇಲೆ ನೀನು ನಮ್ಮ ಪಾಲಿಗೆ ರಜೆಯ ನೆಂಟನಾದೆ. ‘ಆ ಹುಡುಗಗ ನಮ್ಮದು ಏನ್ ನೆನಪೈತಿ’ ಎಂದು ಹೊಳೆಯಾಚೆಯ ಕೇರಿಯ ಸಾಂತಾನ ಮದುವೆ ಮನೆಗಳಲ್ಲೆಲ್ಲ ಆಡಿಕೊಳ್ಳುತ್ತಿದ್ದ. ನಿನ್ನೆ ಅವನ ಮನೆಗೇ ಹೋಗಿ ಹೇಳಿ ಬಂದೆ. ಚರ್ಚಿನ ಬಾಗಿಲಲ್ಲಿ ಹೇಳಿದೆ, ಹಳಿಯಾಳದ ಸಂತೆಯಲ್ಲೂ ಹೇಳಿದೆ. ಬಸ್ ಸ್ಟ್ಯಾಂಡಿನ ಹತ್ತಿರ ರೇಡಿಯೋ ರಿಪೇರಿ ಮಾಡುವ ಖಾಜಾಸಾಬ, ‘ಕ್ಯಾಸೆಟ್ ಬರ್ಲಿ ಚಾಚಾ, ಮದಿವಿಗೆ ಹಾಕೂ ಕರ್ಣಾನ ತಂದು ನಿಮ್ಮ ಗಿಡಕ್ಕ ಕಟ್ತೇನಿ, ಸುತ್ತ ಎಲ್ಲಾ ಕೇಳ್ಬೇಕು’ ಎಂದಿದ್ದಾನೆ.

ಇಜಾಬೆಲ್ ಮದುವೆ ಮೇ ಏಳಕ್ಕೆ ಗೊತ್ತಾಗಿದೆ. ಹುಡುಗ ಮುಂಡಗೋಡ ಕಡೆಯವನು. ದಮಾಮಿಗೆ ಹೊಸ ಚರ್ಮ ಹಾಕಿಸುತ್ತೇನೆ. ಅವತ್ತು ಬಾರಿಸುವವನು ನೀನೇ. ಕ್ಯಾಸೆಟ್ ಬೇಗ ಕಳಿಸು.

ನಿನ್ನ ಕಾಕಾ,
ಕಾಯತಾನ


ಪಣಜಿ
28 ಜನವರಿ 1986

ಪ್ರೀತಿಯ ಕಾಕಾನಿಗೆ ನಮಸ್ಕಾರ.

ನಾನು ಆರಾಮ. ಆಲ್ವಿನನ ಕೆಮ್ಮು ನಿಂತಿಲ್ಲ, ಆದರೆ ಹಾಡುವಾಗ ಬರುವುದಿಲ್ಲ, ಅದೇ ಪುಣ್ಯ. ನನ್ನ ಕನ್ನಡ ತಪ್ಪಾದರೆ ನಗಬೇಡಿ.

ಕ್ಯಾಸೆಟ್ಟನ್ನು ಇವತ್ತೇ ರಿಜಿಸ್ಟರ್ ಮಾಡಿದ್ದೇನೆ. ಮೊದಲ ಬದಿಯಲ್ಲಿ ನಮ್ಮ ಮಾಮೂಲಿ ಹಾಡುಗಳಿವೆ: ಗಿಟಾರು, ಆಳೆತ್ತರದ ತಂತಿವಾದ್ಯ, ಆಲ್ವಿನನ ಗಂಟಲು. ಅದನ್ನು ಬೇಗ ದಾಟಿಸಿಬಿಡಿ. ಎರಡನೇ ಬದಿಯಲ್ಲಿ ಮೊದಲು ಬರುವುದೇ ನನ್ನದು. ಬೊಂಬಾಯಿಯ ಸ್ಟುಡಿಯೋದಲ್ಲಿ ಎಲ್ಲರಿಗೂ ನಿಲ್ಲಲು ಹೇಳಿ ನಾನೊಬ್ಬನೇ ಬಾರಿಸಿದೆ. ಆಮೇಲೆ ಒಬ್ಬೊಬ್ಬರಾಗಿ ಕೂಡಿಕೊಳ್ಳುತ್ತಾರೆ.

ಅದು ಅಪ್ಪ ಬಾರಿಸುತ್ತಿದ್ದ ಪೆಟ್ಟು, ಕಾಕಾ. ನನಗೆ ನೆನಪಿರುವ ಒಂದೇ ಪೆಟ್ಟು. ನಮ್ಮ ಅಂಗಳದಲ್ಲಿ ತುಂಬ ಜನ ಇದ್ದರು, ಪೇರಿಸಿಟ್ಟ ಕಟ್ಟಿಗೆ ಮೇಲೆ ನಾನು ಕೂತಿದ್ದೆ, ದಮಾಮಿ ಮೊಳಗುತ್ತಲೇ ಇತ್ತು. ಅಪ್ಪನ ಮುಖ ಈಗ ಸರಿಯಾಗಿ ಕಣ್ಣ ಮುಂದೆ ಬರುವುದಿಲ್ಲ. ಆ ಪೆಟ್ಟು ಮಾತ್ರ ಕೈಯಲ್ಲಿ ಉಳಿದಿದೆ. ಬೋರ್ಡಿಂಗಿನಲ್ಲಿ ಮಂಚದ ಹಲಗೆಯ ಮೇಲೆ ಬಾರಿಸಿ ಬಾರಿಸಿ ಉಳಿಸಿಕೊಂಡೆ. ಕ್ಯಾಸೆಟ್ಟಿನಲ್ಲಿ ಅದಕ್ಕೆ ‘ಅಪ್ಪನ ಕೈ’ ಎಂದು ಹೆಸರಿಟ್ಟಿದ್ದೇನೆ.

ಕ್ಯಾಸೆಟ್ ಡಬ್ಬಿಯ ಮೇಲಿನ ಚಿತ್ರದ ಕಾಗದ ನೀರು ಬಿದ್ದು ಹಾಳಾಯಿತು. ಬರಿಯ ಡಬ್ಬಿ ಕಳಿಸುತ್ತಿದ್ದೇನೆ. ಅವ್ವ ಕೇಳಿ ಏನೆಂದಳು, ಅದನ್ನು ಮಾತ್ರ ತಪ್ಪದೆ ಬರೆಯಿರಿ.

ನಿಮ್ಮ
ಮಿಂಗೇಲ್


ಮತ್ತಿಕೊಪ್ಪ
23 ಫೆಬ್ರವರಿ 1986

ಚಿ. ಮಿಂಗೇಲನಿಗೆ ಆಶೀರ್ವಾದ.

ನಾವೆಲ್ಲ ಕ್ಷೇಮ. ಕಾತರಿನಾಳ ಮೊಣಕಾಲು ಹಾಗೇ ಇದೆ. ಇಜಾಬೆಲ್ ಕ್ಷೇಮ. ತುಳಸಾ ಆಯಿ ಕ್ಷೇಮ.

ಕ್ಯಾಸೆಟ್ ಬಂತು. ಖಾಜಾಸಾಬ ಬ್ಯಾಟರಿ, ಮೈಕಿನ ಕರ್ಣ ಎಲ್ಲ ತಂದು ಹಲಸಿನ ಮರಕ್ಕೆ ಕಟ್ಟಿ ಹಾಕಿದ. ಎಲ್ಲರೂ ಕೇಳಿದರು. ಕೆಳಗಿನ ಕೇರಿಯವರು, ಹೊಳೆಯಾಚೆಯ ಕೇರಿಯವರು ಸಹ ಬಂದರು. ಯಾರೂ ಬರಿಗೈಯಲ್ಲಿ ಬರಲಿಲ್ಲ. ಅಷ್ಟು ಜನ ನಮ್ಮ ಅಂಗಳಕ್ಕೆ ಬಂದು ಬಹಳ ವರ್ಷ ಆಗಿತ್ತು. ನಿನ್ನ ಅವ್ವ ಕೇಳಿದಳು. ಹೆಚ್ಚು ಮಾತಾಡಲಿಲ್ಲ.

ನೀನು ಚೆನ್ನಾಗಿ ಬಾರಿಸಿದ್ದೀ. ಕೈ ತಪ್ಪಿಲ್ಲ.

ಮದುವೆಗೆ ಬರುವಾಗ ಸಾಮಾನು ಬಹಳ ತರಬೇಡ, ಬಸ್ಸಿನಲ್ಲಿ ಜಾಗ ಇರುವುದಿಲ್ಲ. ದಮಾಮಿ ವಿಷಯಕ್ಕೆ ನೀನು ತಲೆ ಕೆಡಿಸಿಕೊಳ್ಳಬೇಡ. ಮುಂಡಗೋಡದವರೇ ಬಾರಿಸುವವರನ್ನು ಕರೆದುಕೊಂಡು ಬರುತ್ತಾರಂತೆ. ನೀನು ಅಣ್ಣನಾಗಿ ಬಂದು ನಿಂತರೆ ಸಾಕು. ಆ ಎರಡನೇ ಬದಿಯದನ್ನು ಊರಿನಲ್ಲಿ ಬಾರಿಸುವ ಅಗತ್ಯವೂ ಇಲ್ಲ, ಎಲ್ಲರೂ ಕೇಳಿ ಆಗಿದೆ.

ಡಿಪೋದಲ್ಲಿ ಕೆಲಸ ಬಹಳ ಇದೆ. ಇಲ್ಲಿಗೆ ನಿಲ್ಲಿಸುತ್ತೇನೆ.

ಕಾಯತಾನ


ಪಣಜಿ
9 ಮಾರ್ಚ್ 1986

ಕಾಕಾನಿಗೆ ನಮಸ್ಕಾರ.

ನಿಮ್ಮ ಕಾಗದ ಓದಿದೆ. ಹಿಂದಿನ ಕಾಗದದಲ್ಲಿ ‘ಬಾರಿಸುವವನು ನೀನೇ’ ಎಂದಿರಿ, ಈಗ ಮುಂಡಗೋಡದವರು ಎನ್ನುತ್ತೀರಿ. ತಂಗಿಯ ಮದುವೆಯಲ್ಲಿ ಬೇರೆಯವರು ಬಾರಿಸುವಾಗ ನಾನು ಕೈಕಟ್ಟಿ ನಿಲ್ಲಬೇಕೇ? ಸಾಂತಾನ ಮಾವ ಏನೋ ಅಂದಿರಬೇಕು. ಗೋವೆಯಲ್ಲಿ ಬೆಳೆದವನ ಕೈ ಅಂದನೇ? ಗಿಟಾರು ಸೇರಿಸಿ ಕೆಡಿಸಿದ ಅಂದನೇ?

ಇಲ್ಲಿ ಜನ ಬೇರೆ ಥರ ಇದ್ದಾರೆ, ಕಾಕಾ. ಹೋಟೆಲಿನಲ್ಲಿ ‘ಅಪ್ಪನ ಕೈ’ ಬಾರಿಸಿದ ಕೂಡಲೇ ಕುರ್ಚಿ ಬಿಟ್ಟು ಎದ್ದು ಕುಣಿಯುತ್ತಾರೆ. ಮುದುಕರೂ ಕುಣಿಯುತ್ತಾರೆ. ಮತ್ತೆ ಮತ್ತೆ ಕೇಳುತ್ತಾರೆ. ಅಪ್ಪ ಇದ್ದಿದ್ದರೆ ನೋಡಿ ನಗುತ್ತಿದ್ದ ಎಂದುಕೊಳ್ಳುತ್ತೇನೆ.

ಅವ್ವ ಏನೆಂದಳು ಎಂದು ಕೇಳಿದ್ದೆ. ನೀವು ಬರೆಯಲಿಲ್ಲ.

ಮಿಂಗೇಲ್


ಪಣಜಿ
31 ಮಾರ್ಚ್ 1986

ಕಾಕಾ,

ನಿಮ್ಮಿಂದ ಉತ್ತರವಿಲ್ಲ. ನಿನ್ನೆ ಹಬ್ಬದ ಪೂಜೆ ಮುಗಿಸಿ ಬರುವಾಗ ಮಾಪಸಾದ ಬಸ್ ಸ್ಟ್ಯಾಂಡಿನಲ್ಲಿ ಖಾಜಾಸಾಬ ಸಿಕ್ಕಿದ. ಟೇಪಿನ ಸಾಮಾನು ಕೊಳ್ಳಲು ಬಂದಿದ್ದನಂತೆ. ಊರಲ್ಲಿ ಹೇಗಿದ್ದಾರೆ ಎಂದು ಕೇಳಿದೆ. ‘ಎಲ್ಲಾ ಆರಾಮ ಅದಾರ’ ಎಂದ. ಸ್ವಲ್ಪ ಹೊತ್ತಿಗೆ, ‘ನಿಮ್ಮ ಅಂಗಳದಾಗ ಅಷ್ಟು ಕಟ್ಟಿಗಿ ಹಂಗ ಬಿದ್ದೈತಿ, ಕಾತರಿನಾ ಚಾಚಿ ಒಂದು ತುಂಡೂ ಒಲಿಗೆ ಹಚ್ಚಾಕ ತಯಾರಿಲ್ಲ’ ಎಂದ. ಯಾಕೆ ಬಿತ್ತು, ಯಾರು ತಂದರು ಎಂದರೆ ಬಸ್ಸು ಬಂತೆಂದು ಓಡಿದ.

ನಾನು ಎಷ್ಟು ಮರೆತಿದ್ದರೂ ಅದನ್ನು ಮರೆತಿಲ್ಲ. ನಮ್ಮಲ್ಲಿ ಸಾವಿನ ಮನೆಗೆ ಬರುವವರು ಮನೆಗೊಂದರಂತೆ ಕಟ್ಟಿಗೆ ಹೊತ್ತು ತರುತ್ತಾರೆ. ಆ ಮನೆಯ ಒಲೆ ಆರಿರುತ್ತದೆ, ಅಂಗಳದಲ್ಲಿ ಬೆಂಕಿ ಹಾಕಿ ಬಂದವರೇ ಅಡಿಗೆ ಮಾಡುತ್ತಾರೆ. ಅಪ್ಪ ಹೋದಾಗಲೂ ನಮ್ಮ ಅಂಗಳಕ್ಕೆ ಹಾಗೇ ಬಂದಿತ್ತು.

ಯಾರು ಹೋದರು, ಕಾಕಾ? ಅವ್ವನೇ? ಮದುವೆ ನಿಲ್ಲಬಾರದೆಂದು ನನ್ನಿಂದ ಮುಚ್ಚಿಟ್ಟಿರಾ? ಫೆಬ್ರವರಿಯ ಕಾಗದದಲ್ಲಿ ‘ಹೆಚ್ಚು ಮಾತಾಡಲಿಲ್ಲ’ ಎಂದು ಬರೆದಿರಿ. ಅವ್ವ ಮಾತಾಡದೆ ಇರುವವಳಲ್ಲ. ಆಲ್ವಿನ್ ಈಗಲೇ ಹೊರಡು ಎನ್ನುತ್ತಾನೆ. ನನಗೆ ಬಸ್ಸು ಹತ್ತಲು ಭಯವಾಗುತ್ತಿದೆ. ಒಂದು ಸಾಲು ಬರೆಯಿರಿ.

ಮಿಂಗೇಲ್


ಮತ್ತಿಕೊಪ್ಪ
5 ಏಪ್ರಿಲ್ 1986

ಮಗನೇ ಮಿಂಗೇಲ್,

ಮೊದಲು ಇದನ್ನು ಓದು: ನಿನ್ನ ಅವ್ವ ಬದುಕಿದ್ದಾಳೆ. ನಾನು ಬರೆಯುತ್ತಿರುವಾಗ ಪಕ್ಕದಲ್ಲಿ ಕೂತು ಹುಣಸೆ ಬಿಡಿಸುತ್ತಿದ್ದಾಳೆ. ಇಜಾಬೆಲ್, ತುಳಸಾ ಆಯಿ, ನಾನು ಎಲ್ಲರೂ ಇದ್ದೇವೆ. ಯಾರೂ ಹೋಗಿಲ್ಲ. ಹಳಿಯಾಳದಿಂದ ತಾರು ಸಹ ಕೊಟ್ಟಿದ್ದೇನೆ, ಅದು ಈ ಕಾಗದಕ್ಕಿಂತ ಮುಂಚೆ ಮುಟ್ಟಿರಬೇಕು. ತಾರಿನಲ್ಲಿ ಬರೆಯಲಾಗದ್ದು ಇಲ್ಲಿದೆ.

ಕಟ್ಟಿಗೆ ಬಂದದ್ದು ನಿನ್ನ ಕ್ಯಾಸೆಟ್ಟಿಗೆ.

ಅವತ್ತು ಸಂಜೆ ಬಿಸಿಲಿರುವಾಗಲೇ ಖಾಜಾಸಾಬ ಕರ್ಣ ಕಟ್ಟಿದ. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದೆ. ಮೊದಲ ಬದಿಗೆ ಮಕ್ಕಳು ಕುಣಿದವು. ಆಲ್ವಿನ್ ಗಂಟಲೆತ್ತಿದಾಗ ತುಳಸಾ ಆಯಿ, ‘ಆ ಹುಡುಗನ ಕಾಲ ಮ್ಯಾಲೆ ಯಾರರ ನಿಂತಾರೇನು, ಸರೀರೆಪಾ ಅನ್ರಿ’ ಎಂದಳು. ಎಲ್ಲರೂ ನಕ್ಕೆವು. ನಾನು ಎಲ್ಲರಿಗಿಂತ ಹೆಚ್ಚು ನಕ್ಕೆ. ‘ತಡೀರಿ, ಇನ್ನ ನಮ್ಮ ಹುಡುಗಂದು ಬರ್ತೈತಿ’ ಎಂದು ಖಾಜಾಸಾಬನಿಗೆ ಕ್ಯಾಸೆಟ್ ತಿರುವಲು ಹೇಳಿದೆ.

ಮೊದಲ ನಾಲ್ಕು ಪೆಟ್ಟಿಗೇ ನಗು ನಿಂತಿತು.

ಮಿಂಗೇಲ್, ಅದು ನಿನ್ನಪ್ಪನ ಪೆಟ್ಟಲ್ಲ. ನಿನ್ನಪ್ಪನಿಗೆ ಹೊಡೆದ ಪೆಟ್ಟು. ಯಾರಾದರೂ ಹೋದಾಗ ಸುತ್ತಲ ಕೇರಿಗಳಿಗೆ ತಿಳಿಸಲು ಹೊಡೆಯುವುದು. ಮದುವೆಗೆ ಬೇರೆ, ಸುಗ್ಗಿಗೆ ಬೇರೆ, ಹಿರಿಯರಿಗೆ ಎಡೆ ಇಡುವಾಗ ಬೇರೆ. ಇದನ್ನು ಸಾವಿಲ್ಲದೆ ಯಾರೂ ಹೊಡೆಯುವುದಿಲ್ಲ, ಕಲಿಸಲೂ ಹೊಡೆಯುವುದಿಲ್ಲ. ಆರು ವರ್ಷದ ನೀನು ಕಟ್ಟಿಗೆ ಮೇಲೆ ಕೂತು ಕೇಳಿದ್ದು ಅದನ್ನೇ. ಬೇರೆ ಪೆಟ್ಟು ಕೇಳುವಷ್ಟು ದಿನ ನೀನು ಇಲ್ಲಿರಲಿಲ್ಲ. ನಿನಗೆ ಹೇಗೆ ತಿಳಿಯಬೇಕು?

ನಿನ್ನ ಅವ್ವ ಎದ್ದು ಒಳಗೆ ಹೋದಳು. ಹೋಗಿ ಒಲೆಗೆ ನೀರು ಸುರಿದಳು. ಚುಯ್ ಎಂದದ್ದು ಅಂಗಳಕ್ಕೆ ಕೇಳಿಸಿತು. ನಾನು ಖಾಜಾಸಾಬನಿಗೆ ‘ನಿಲ್ಸೋ, ನಿಲ್ಸೋ’ ಎನ್ನುವಷ್ಟರಲ್ಲಿ ಗಿಟಾರು ಸೇರಿಕೊಂಡಿತ್ತು. ದೂರದವರಿಗೆ ಗಿಟಾರು ಕೇಳಿಸಲಿಲ್ಲವೋ ಏನೋ. ಗದ್ದೆ ಬದುವಿನ ಮೇಲೆ ಜನ ಸಾಲುಗಟ್ಟಿ ಬಂದರು, ಹೆಗಲ ಮೇಲೆ ಕಟ್ಟಿಗೆ. ಸಾಂತಾನನೇ ಮುಂದೆ. ಒಳ್ಳೇ ಮತ್ತಿಯ ಬೊಡ್ಡೆ ಹೊತ್ತಿದ್ದ. ನಮ್ಮ ಮೇಲೆ ಎಷ್ಟು ಸಿಟ್ಟಿದ್ದರೂ ಸಣ್ಣದನ್ನು ತಂದಿರಲಿಲ್ಲ. ಅದನ್ನು ಇಳಿಸಿ, ಟೋಪಿ ತೆಗೆದು, ‘ಯಾರು ಹೋದ್ರು ಕಾಯತಾನ?’ ಎಂದ. ಅವನ ಕಣ್ಣಲ್ಲಿ ನೀರಿತ್ತು.

‘ಯಾರೂ ಇಲ್ಲ, ಕ್ಯಾಸೆಟ್ಟು’ ಎಂದೆ.

‘ಏನು?’

‘ಕ್ಯಾಸೆಟ್ಟು ಹಚ್ಚಿದ್ವಿ.’

ಅವನು ಕರ್ಣ ನೋಡಿದ, ನನ್ನ ಇಸ್ತ್ರಿ ಅಂಗಿ ನೋಡಿದ. ‘ಇದನ್ನ ಕುಣಿಯಾಕ ಹೊಡದಾನೇನ ನಿಮ್ಮ ಹುಡುಗ?’ ಎಂದ. ಹಿಂದೆ ಹೆಂಗಸರು ಕಟ್ಟಿಗೆ ಹೊತ್ತೇ ನಿಂತಿದ್ದರು. ಆಗ ನಾನು ಹೇಳಿದ ಮಾತನ್ನು ನಿನಗೆ ಬರೆಯಲು ಇಷ್ಟು ದಿನ ಬೇಕಾಯಿತು. ‘ನಮ್ಮ ಮಿಂಗೇಲ ಅಲ್ಲಪಾ. ಯಾವನೋ ಬೊಂಬಾಯಿ ಮಂದಿ ಹೊಡದಾರ. ನಮ್ಮ ಹುಡುಗಗ ಇದು ಬರೂದಿಲ್ಲ’ ಎಂದೆ. ಸಂತೆಯಲ್ಲಿ, ಚರ್ಚಿನಲ್ಲಿ ನಿನ್ನ ಹೆಸರು ಹೇಳಿ ತಿರುಗಿದ ಇದೇ ಬಾಯಿ.

ನಿನ್ನ ಅವ್ವ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಎಲ್ಲರೂ ಹೋದ ಮೇಲೆ ಒಂದೇ ಮಾತು ಅಂದಳು: ‘ಅವತ್ತ ನೀನ ಹೊಡದಿದ್ದಿ ಕಾಯತಾನ. ಮೂರನೇ ಪೆಟ್ಟು ಎಳದು ಹೊಡೀತಿ ನೀನು, ಅವನೂ ಹಂಗ ಎಳದಾನ. ನಿನ್ನ ಕೈ ನಿನಗ ಗುರ್ತ ಸಿಗಲಿಲ್ಲೇನು?’ ಆಮೇಲೆ ನನ್ನ ಜೊತೆ ಸರಿಯಾಗಿ ಮಾತಿಲ್ಲ. ಊಟ ಹಾಕುತ್ತಾಳೆ.

ಸಾವಿನ ಮನೆಗೆ ತಂದ ಕಟ್ಟಿಗೆಯನ್ನು ಯಾರೂ ವಾಪಸು ಒಯ್ಯುವುದಿಲ್ಲ. ಬೇರೆ ಅಡಿಗೆಗೂ ಹಚ್ಚುವ ಹಾಗಿಲ್ಲ. ಹಲಸಿನ ಬುಡದಲ್ಲಿ ಬಿದ್ದಿದೆ. ಡಿಪೋಗೆ ಹೋಗುವಾಗ ನೋಡುತ್ತೇನೆ, ಬರುವಾಗ ನೋಡುತ್ತೇನೆ. ನಿನಗೆ ದಮಾಮಿ ಬೇಡವೆಂದು ಬರೆದದ್ದು ಸಾಂತಾನನ ಮಾತಿಗಲ್ಲ. ನೀನು ಬಂದು ಬಾರಿಸಿದರೆ ನನ್ನ ಸುಳ್ಳು ಹೊರಬೀಳುತ್ತದೆ ಎಂಬ ಹೆದರಿಕೆಗೆ.

ಕಾಯತಾನ


ಪಣಜಿ
14 ಏಪ್ರಿಲ್ 1986

ಕಾಕಾ,

ತಾರು ಮುಟ್ಟಿತ್ತು. ಕಾಗದವೂ ಮುಟ್ಟಿತು.

ನಾನು ಮದುವೆಗೆ ಬರುವುದಿಲ್ಲ. ಇಜಾಬೆಲಳಿಗೆ ನೀವೇ ಏನಾದರೂ ಹೇಳಿ. ಹೆಗಲ ಮೇಲೆ ಕಟ್ಟಿಗೆ ಹೊತ್ತು ಬಂದವರ ಎದುರು ನಾನು ಯಾವ ಮುಖ ಇಟ್ಟುಕೊಂಡು ನಿಲ್ಲಲಿ? ಮೂರು ತಿಂಗಳಿಂದ ಆ ಪೆಟ್ಟಿಗೆ ಜನರನ್ನು ಕುಣಿಸಿದ್ದೇನೆ. ‘ಜೋರಾಗಿ’ ಎಂದು ಕೂಗಿದರೆ ಜೋರಾಗಿ ಹೊಡೆದಿದ್ದೇನೆ. ಆಲ್ವಿನನಿಗೆ ಹೇಳಿದೆ. ಅವನು, ಇನ್ನು ಮೇಲೆ ಅದನ್ನು ಬಾರಿಸುವುದು ಬೇಡ ಎಂದ. ಆದರೆ ಕ್ಯಾಸೆಟ್ಟುಗಳು ಅಂಗಡಿಗೆ ಹೋಗಿಬಿಟ್ಟಿವೆ. ಅವನ್ನು ಯಾರು ತರುತ್ತಾರೆ?

ಹೊಡೆದವನು ನಾನಲ್ಲ ಎಂದು ನೀವು ಹೇಳಿದ್ದೇ ಸರಿ.

ನಿಮ್ಮ ಸುಳ್ಳನ್ನು ನೀವು ಬರೆದಿರಿ, ನನ್ನದನ್ನು ನಾನೂ ಬರೆಯುತ್ತೇನೆ. ಡಬ್ಬಿಯ ಮೇಲಿನ ಚಿತ್ರದ ಕಾಗದಕ್ಕೆ ನೀರು ಬಿದ್ದಿರಲಿಲ್ಲ. ಚಿತ್ರದಲ್ಲಿ ಉಳಿದ ನಾಲ್ವರೂ ಕೋಟು ಹಾಕಿ ನಿಂತಿದ್ದಾರೆ. ನಡುವೆ ನಾನಿದ್ದೇನೆ. ಕಂಪನಿಯವರು ನನಗೆ ಕೋಟು ಕೊಡಲಿಲ್ಲ. ಸೊಂಟಕ್ಕೆ ಸೊಪ್ಪು ಕಟ್ಟಿ, ಮುಖಕ್ಕೆ ಸುಣ್ಣದ ಗೆರೆ ಎಳೆದು, ತಲೆಗೆ ಕೋಳಿ ಪುಕ್ಕ ಸಿಕ್ಕಿಸಿದರು. ನಿನ್ನ ಬೇರು ಕಾಣಬೇಕು, ಕಾಡಿನವನ ಹಾಗೆ ಕಾಣಬೇಕು ಅಂದರು. ನಾನು ನಿಂತೆ. ನಗು ಅಂದರು, ನಕ್ಕೆ. ಅದನ್ನು ಅವ್ವನ ಕೈಗೆ ಕೊಡಲಾಗಲಿಲ್ಲ.

ಮಿಂಗೇಲ್


ಮತ್ತಿಕೊಪ್ಪ
21 ಏಪ್ರಿಲ್ 1986

ಚಿರಂಜೀವಿ ಮಿಂಗೇಲನಿಗೆ ನಿನ್ನ ಕಾಕಾ ಮಾಡುವ ಆಶೀರ್ವಾದ.

ನೀನು ಊಟ ಬಿಟ್ಟಿಲ್ಲ ತಾನೇ? ಆಲ್ವಿನನಿಗೆ ನನ್ನ ನಮಸ್ಕಾರ ಹೇಳು, ಕೆಮ್ಮಿಗೆ ಕಾಡುಜೇನು ಇಟ್ಟಿದ್ದೇನೆ. ಕಾತರಿನಾಳ ಮೊಣಕಾಲು ಬಿಸಿಲಿಗೆ ಸಡಿಲಾಗಿದೆ. ಇಜಾಬೆಲ್ ಮಾತ್ರ ಆರಾಮಿಲ್ಲ. ನಿನ್ನ ಕಾಗದ ಓದಿದ ದಿನದಿಂದ ಯಾರ ಜೊತೆಗೂ ನಗುತ್ತಿಲ್ಲ.

ಚಿತ್ರದ ವಿಷಯ ನನಗೆ ಮೊದಲೇ ಗೊತ್ತಿತ್ತು. ಖಾಜಾಸಾಬನ ಅಂಗಡಿಗೆ ಹುಬ್ಬಳ್ಳಿಯಿಂದ ಇನ್ನೊಂದು ಕ್ಯಾಸೆಟ್ ಬಂದಿತ್ತು. ನಾನು ನೋಡುತ್ತಿದ್ದ ಹಾಗೆ ಅವನು ಅದನ್ನು ಬೋರಲು ಹಾಕಿ, ‘ಚಹಾ ಕುಡೀರಿ ಚಾಚಾ’ ಎಂದ. ನಿನ್ನ ಕಾಗದವನ್ನು ನಿನ್ನ ಅವ್ವನಿಗೆ ಪೂರ್ತಿ ಓದಿ ಹೇಳಿದೆ, ಏನೂ ಬಿಡಲಿಲ್ಲ. ಅವಳು ಎಂದದ್ದನ್ನು ನೀನು ಜನವರಿಯಿಂದ ಕೇಳುತ್ತಿದ್ದೀಯಲ್ಲ, ತಗೋ: ‘ಸೊಪ್ಪು ಕಟ್ಟಿದವ್ರು ನಾಚ್ಕೊಳ್ಳಿ. ಅವ ಯಾಕ ನಾಚ್ಕೊಬೇಕು? ಚಿತ್ರ ತರಾಕ ಹೇಳು, ನನ್ನ ಮಗನ ಮಾರಿ ನಾ ಸುಣ್ಣದೊಳಗೂ ಗುರ್ತ ಹಿಡೀತೇನಿ.’

ಮಾರನೇ ದಿನ ಭಾನುವಾರ. ಪೂಜೆ ಮುಗಿದು ಎಲ್ಲರೂ ಹೊರಗೆ ನಿಂತಿದ್ದರು.  ಸಾಂತಾನನ ಎದುರು ಹೋಗಿ, ‘ಅವತ್ತ ಹೊಡದಾವ ನಮ್ಮ ಮಿಂಗೇಲ. ನಾ ಅಲ್ಲ ಅಂದೆ. ಸುಳ್ಳ ಅಂದೆ’ ಎಂದೆ. ಎಲ್ಲರಿಗೂ ಕೇಳುವ ಹಾಗೆಯೇ ಹೇಳಿದೆ. ನೀನು ಆ ಪೆಟ್ಟನ್ನು ಎಲ್ಲಿ ಕೂತು ಕೇಳಿದ್ದೆ, ಮಂಚದ ಹಲಗೆಯ ಮೇಲೆ ಹೇಗೆ ಉಳಿಸಿಕೊಂಡೆ ಎಂಬುದನ್ನೂ ಹೇಳಿದೆ.

ಸಾಂತಾನ ಟೋಪಿ ಹಾಕಿಕೊಂಡ. ‘ನಮಗೇನ ಕಿವಿ ಇಲ್ಲೇನು? ಬೊಂಬಾಯಿ ಮಂದಿ ಹಿಂಗ ಹೊಡೀತಾರೇನು? ಅವತ್ತ ಗೊತ್ತಿತ್ತು. ನೀ ಯಾವಾಗ ಹೇಳ್ತಿ ಅಂತ ಕುಂತಿದ್ವಿ’ ಎಂದ. ಎಲ್ಲರಿಗೂ ಗೊತ್ತಿತ್ತು, ಮಿಂಗೇಲ್. ಎರಡು ತಿಂಗಳು ನಾನೊಬ್ಬನೇ ಅವರಿಂದ ಮುಖ ಮರೆಸಿಕೊಂಡು ಹಿಂದಿನ ದಾರಿಯಲ್ಲಿ ಓಡಾಡಿದ್ದೆ.

ಇನ್ನು ಕಟ್ಟಿಗೆ ಮಾತು ಬಂತು. ಕೆಲವರು ಹೊಳೆಗೆ ಹಾಕೋಣ ಎಂದರು, ಕೆಲವರು ಚರ್ಚಿಗೆ ಕೊಡೋಣ ಎಂದರು. ತುಳಸಾ ಆಯಿ ಅಲ್ಲಿಯವರೆಗೆ ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದಳು. ಅವಳಿಗೆ ಚರ್ಚಿನ ಪೂಜೆ ಇಲ್ಲ, ಮಾತು ಕೇಳಲಿಕ್ಕೆಂದೇ ಬರುತ್ತಾಳೆ. ‘ಪೇದ್ರು ಹೋದಾಗ ಅಂಗಳದ ಬೆಂಕಿಗೆ ಮದಲಿನ ಕಟ್ಟಿಗಿ ಇಟ್ಟಾಂವ ಯಾರು?’ ಎಂದು ಕೇಳಿದಳು.

‘ನಾನು’ ಎಂದೆ. ಮಣ್ಣು ಮಾಡಿ ಬಂದ ಮೇಲೆ ಅದನ್ನು ಮಗ ಇಡಬೇಕು. ಮಗನನ್ನು ಅಷ್ಟರಲ್ಲಿ ಫಾದರ್ ಕರೆದುಕೊಂಡು ಹೋಗಿದ್ದರು.

‘ಅಂದ್ರ ಮಗಂದು ಬಾಕಿ ಐತಿ’ ಎಂದಳು. ‘ಅಪ್ಪ ಹೋದಾಗ ಹುಡುಗ ಅತ್ತಿಲ್ಲ, ಸೂತಕಕ್ಕ ಕುಂತಿಲ್ಲ, ಬೆಂಕಿ ಹಚ್ಚಿಲ್ಲ. ಈಗ ಹೊಡದು ಕರದಾನ, ನಾವು ಕಟ್ಟಿಗಿ ತಂದೇವಿ. ಅದು ಪೇದ್ರುನ ಕಟ್ಟಿಗಿ. ಯಾರೂ ಮುಟ್ಟಬ್ಯಾಡ್ರಿ, ಅವ ಬರ್ಲಿ.’

 ಹೆಂಗಸರು ನಮ್ಮ ಮನೆಗೇ ಬಂದು, ಅಡ್ಡಾದಿಡ್ಡಿ ಬಿದ್ದದ್ದನ್ನು ಎತ್ತಿ ಹಲಸಿನ ಬುಡದಲ್ಲಿ ಸರಿಯಾಗಿ ಪೇರಿಸಿ ಹೋದರು. ನಿನ್ನ ಅವ್ವ ಅವರಿಗೆಲ್ಲ ಚಹಾ ಮಾಡಿದಳು. ನನಗೂ ಒಂದು ಲೋಟ ಕೊಟ್ಟು, ‘ಸಕ್ರಿ ಸಾಕೇನು?’ ಎಂದು ಕೇಳಿದಳು. ಫೆಬ್ರವರಿಯಿಂದ ಅವಳು ನನ್ನನ್ನು ಏನೂ ಕೇಳಿರಲಿಲ್ಲ.

ಮದುವೆ ಬುಧವಾರ. ನೀನು ಭಾನುವಾರವೇ ಬಾ. ಅವತ್ತು ಸಂಜೆ ಅಂಗಳದಲ್ಲಿ ಬೆಂಕಿ ಹಾಕೋಣ. ಮೊದಲ ಕಟ್ಟಿಗೆ ನೀನು ಇಡು. ಆ ಪೆಟ್ಟನ್ನು ಅವತ್ತು ನಾವಿಬ್ಬರೂ ಕೂಡಿ ಹೊಡೆಯೋಣ, ಒಂದೇ ಸಲ, ನಿನ್ನಪ್ಪನಿಗೆ. ಆಮೇಲೆ ಸೋಮವಾರ, ಮಂಗಳವಾರ ಎರಡು ದಿನ ನಿನಗೆ ಮದುವೆಯ ಪೆಟ್ಟು ಕಲಿಸುತ್ತೇನೆ. ಮುಂಡಗೋಡದವರಿಗೆ ಬಾರಿಸುವವರು ಬೇಡವೆಂದು ಹೇಳಿ ಕಳಿಸಿದ್ದೇನೆ. ಇಷ್ಟು ಬೇಗ ಹೇಗೆ ಕಲಿಯಲಿ ಎಂದು ಹೆದರಬೇಡ, ಒಂದನ್ನು ಕೇಳಿಯೇ ಇಷ್ಟು ವರ್ಷ ಇಟ್ಟುಕೊಂಡ ಕೈ ಅದು. ಆಲ್ವಿನನನ್ನೂ ಕರೆದುಕೊಂಡು ಬಾ. ಆಯಿ ಅವನ ಕಾಲು ನೋಡಬೇಕಂತೆ.

ಜೊಯಿಡಾ ಕಡೆ ಆಗಲೇ ಮೋಡ ಕಟ್ಟುತ್ತಿದೆ. ಮೇಲೆ ತಾಡಪತ್ರಿ ಹೊದಿಸಿದ್ದೇನೆ, ಆದರೂ ಒಂದು ದೊಡ್ಡ ಮಳೆ ಬಂದರೆ ಕಟ್ಟಿಗೆ ನೆನೆಯುತ್ತದೆ. ಹಳಿಯಾಳಕ್ಕೆ ಯಾವ ಬಸ್ಸಿಗೆ ಇಳಿಯುತ್ತೀ, ಅಷ್ಟನ್ನು ಬೇಗ ಬರೆ. ಸ್ಟ್ಯಾಂಡಿನಲ್ಲಿ ನಾನು ನಿಂತಿರುತ್ತೇನೆ.

ನಿನ್ನ ಕಾಕಾ,
ಕಾಯತಾನ